12 ಇಂಚಿನ ಸಬ್‌ವೂಫರ್‌ಗೆ ಡಬ್ಬಿ ಮಾಡಸೋದೈತಿ, ಸೀಲ್ಡೋ ಪೋರ್ಟೆಡ್ಡೋ?

ಕೆಎ48_ಸ್ವಿಫ್ಟ್
ನಮಸ್ಕಾರ್ರಿ ಎಲ್ಲಾರಿಗೂ. ನಾ ಜಮಖಂಡಿ ಕಡೆಯಾಂವ, ಗಾಡಿ ಸ್ವಿಫ್ಟ್. 12 ಇಂಚಿನ ಸಬ್ (ದಪ್ಪ ಸ್ವರ ನುಡಿಸೋ ಸ್ಪೀಕರ್) ಐತಿ, ಡ್ಯುಯಲ್ 4 ಓಮ್ ಕಾಯಿಲ್, ಅಂದ್ರ 4 ಓಮ್‌ನ ಎರಡು ಕಾಯಿಲ್, ಒಂದ ಚಾನೆಲ್ಲಿನ ಮೋನೋ ಆಂಪ್. ಈಗ ರೆಡಿಮೇಡ್ ಪೋರ್ಟೆಡ್ ಡಬ್ಬಿ (ಗಾಳಿ ಆಡಾಕ ಪೋರ್ಟ್ ಅನ್ನೋ ತೂತಿನ ಕೊಳವಿ ಇರೋದು) ಐತಿ, ಆದ್ರ ಯಾವ ಹಾಡ ಹಚ್ಚಿದ್ರೂ ಒಂದ ಸ್ವರ ಗುಂಯ್ ಅಂತ ಎಳಿತೈತಿ, ಡೊಳ್ಳಿನ ಪೆಟ್ಟ ಬಿಡಿಬಿಡಿಯಾಗಿ ಕೇಳಂಗೇ ಇಲ್ಲ. ಕಬ್ಬಿನ ಟ್ರ್ಯಾಕ್ಟರ್‌ನ್ಯಾಗ ಹಚ್ಚತಾರಲ್ಲ, ಹಂಗ ಊರಿಗೆಲ್ಲಾ ಕೇಳೂದ ಬ್ಯಾಡ ನನಗ, ಗಾಡ್ಯಾಗ ಕುಂತಾವ್ರಿಗೆ ಚೊಲೋ ಕೇಳಬೇಕು. ನಮ್ಮ ಬಡಗ್ಯಾರು ಮಾಡಿಕೊಡ್ತೀನಿ ಅಂದಾರ, ಅಳತಿ ಕೇಳಾಕತ್ತಾರ. ಹೊರಗಿಂದ 20 × 14 × 12 ಇಂಚ್ ಇಟ್ರ ಡಿಕ್ಕಿಯೊಳಗ ಕುಂದರತೈತಿ, ಸಾಕೇನ್ರಿ? ಎಂಡಿಎಫ್ (ಕಟ್ಟಿಗಿ ನಾರು ಒತ್ತಿ ಮಾಡಿದ ಹಲಗಿ) ಹಾಕಸ್ಲೋ ಪ್ಲೈವುಡ್ಡೋ?

ಬೆಳಗಾವಿ_ಬೇಸ್
ನಿಮಗ ಬೇಕಾಗಿರೂದು ಸೀಲ್ಡ್ ರೀ, ಅಂದ್ರ ಗಾಳಿ ಹೋಗದಂಗ ಪೂರಾ ಮುಚ್ಚಿದ ಡಬ್ಬಿ. ಪೋರ್ಟೆಡ್ ಕೆಟ್ಟದ್ದಲ್ಲ, ಅದೇ ಆಂಪಿಗೆ ಆವಾಜ್ ಜಾಸ್ತಿ ಕೊಡ್ತೈತಿ, ಆದ್ರ ಡಬ್ಬಿ ದೊಡ್ಡದಾಗಬೇಕು, ಪೋರ್ಟಿನ ಅಗಲ ಉದ್ದ ನಿಮ್ಮ ಸಬ್ಬಿಗೇ ಲೆಕ್ಕಾ ಹಾಕಿ ಇಡಬೇಕು, ಮತ್ತ ಟ್ಯೂನಿಂಗ್‌ಗಿಂತ (ಪೋರ್ಟ್ ಜೋರಾಗಿ ನುಡಿಯೋ ಸ್ವರ) ಕೆಳಗಿನ ಸ್ವರ ಬಂದಾಗ ಕೋನ್ ಹಿಡಿಯಾಕ ಒಳಗ ಗಾಳಿ ಒತ್ತಡ ಇರಂಗಿಲ್ಲ, ಸಬ್‌ಸಾನಿಕ್ ಫಿಲ್ಟರ್ (ಭಾಳ ಕೆಳಗಿನ ಸ್ವರ ತಡಿಯೋದು) ಹಾಕಲಿಲ್ಲಂದ್ರ ಸಬ್ಬೇ ಹೋಗ್ತೈತಿ. ರೆಡಿಮೇಡ್ ಡಬ್ಬಿ ನಿಮ್ಮ ಸಬ್ ನೋಡಿ ಮಾಡಿದ್ದಲ್ಲ, ಟ್ಯೂನಿಂಗ್ ಬೇಕಾದ್ದಕ್ಕಿಂತ ಮ್ಯಾಲಿನ ಸ್ವರಕ್ಕ ಕುಂತಿದ್ರ ಅದ ಒಂದ ಸ್ವರ ಗುಂಯ್ ಅಂತೈತಿ.

ಅಳತಿ ಹೊರಗಿಂದ ಹೇಳಬ್ಯಾಡ್ರಿ, ಸಬ್ಬಿಗೆ ಬೇಕಾಗಿರೂದು ಒಳಗಿನ ಜಾಗಾ. 18 ಎಂಎಂ ಹಲಗಿ ಅಂದ್ರ ಸುಮಾರು ಮುಕ್ಕಾಲು ಇಂಚು, ಎರಡೂ ಕಡೆ ಸೇರಿ ದೀಡ ಇಂಚ್ ಹೋತು. ನಿಮ್ಮ ಡಬ್ಬಿ ಒಳಗ 18.5 × 12.5 × 10.5 ಆಗ್ತೈತಿ, ಗುಣಿಸಿ 1728ಕ್ಕ ಭಾಗಿಸ್ರಿ, 1.4 ಘನ ಅಡಿ. ಹೊರಗಿನ ಲೆಕ್ಕದಾಗ 1.94 ಬರತಿತ್ತು, ಎಷ್ಟ ಫರಕ್ ನೋಡ್ರಿ! ಅದ್ರಾಗ ಸಬ್ಬಿನ ಮ್ಯಾಗ್ನೆಟ್ ತಿನ್ನೋ ಜಾಗಾನೂ ಕಳೀಬೇಕು. ಸಬ್ಬಿನ ಕಾಗದಾದಾಗ ಏನೈತಿ ಹೇಳ್ರಿ, ಎಫ್‌ಎಸ್ (ಸಬ್ಬಿನ ಕೋನ್ ತಾನಾಗೇ ನಡಗೋ ಸ್ವರ, ಹರ್ಟ್ಜ್‌ನ್ಯಾಗ) ಮತ್ತ ಕ್ಯೂಇಎಸ್ (ಆ ನಡಗು ಕಾಯಿಲ್ಲು ಮ್ಯಾಗ್ನೆಟ್ಟು ಎಷ್ಟ ತಡೀತಾವು ಅನ್ನೋ ಅಂಕಿ).

ಕೆಎ48_ಸ್ವಿಫ್ಟ್
ಎಫ್‌ಎಸ್ 28, ಕ್ಯೂಇಎಸ್ 0.55. ಸೀಲ್ಡ್‌ಗೆ 1.25 ಘನ ಅಡಿ ಅಂತ ಬರದಾರ.

ಬೆಳಗಾವಿ_ಬೇಸ್
28 ಭಾಗಿಸು 0.55 ಅಂದ್ರ ಸುಮಾರು 51. ಇದು 50ರ ಆಜೂಬಾಜೂ ಇದ್ರ ಸೀಲ್ಡ್, 100ರ ಹತ್ರ ಇದ್ರ ಪೋರ್ಟೆಡ್ ಅಂತ ಹಿಡೀತಾರ. ಮ್ಯಾಗ್ನೆಟ್ಟು, ಒಳಗ ಅಡ್ಡ ಕೊಡೋ ಪಟ್ಟಿ ಎಲ್ಲಾ ಕಳದ್ರ ನಿಮ್ಮ ಅಳತಿ 1.25ರ ಹತ್ರಾನ ಬರ್ತೈತಿ. ಅದನ್ನ ಮಾಡಸ್ರಿ.

ಗೋಳಗುಮ್ಮಟ28
ಹಲಗಿ ಬಗ್ಗೆ ನಾ ಹೇಳ್ತೀನಿ. ಚೊಲೋ ಪ್ಲೈವುಡ್ ಹಗರ, ಗಟ್ಟಿ, ಆದ್ರ ಸಾದಾ ಪ್ಲೈದಾಗ ಪದರಿನ ನಡುವ ಪೊಳ್ಳು ಇರ್ತಾವು, ಅಲ್ಲೇ ಝುಯ್ಯ್ ಅನ್ನಾಕ ಶುರು ಆಗ್ತೈತಿ. 18 ಎಂಎಂ ಎಂಡಿಎಫ್ ಹಾಕಸ್ರಿ. ಅದು ನೀರ ಕಂಡ್ರ ಉಬ್ಬತೈತಿ, ಒಳಗ ಹೊರಗ ಪ್ರೈಮರ್ ಬಳೀಬೇಕು, ಕತ್ತರಿಸಿದ ಅಂಚಿಗೆ ಇನ್ನೂ ಒಂದ ಕೈ ಜಾಸ್ತಿ. ಸ್ಕ್ರೂ ಹೊಡಿಯೋ ಮುಂಚೆ ಸಣ್ಣ ಬಿಟ್‌ಲೆ ತೂತ ಹಾಕಸ್ರಿ, ಇಲ್ಲಂದ್ರ ಅಂಚು ಸೀಳತೈತಿ. ಹಿಡಿಯೋದು ಸ್ಕ್ರೂ ಅಲ್ಲ, ಫೆವಿಕಾಲ್. ಉದ್ದಕ್ಕ ಹಚ್ಚಿ ಒತ್ತಿದಾಗ ಜೋಡಿನುದ್ದಕ್ಕೂ ಬಿಳೇದು ಹೊರಗ ಬರಬೇಕು, ಎಲ್ಲಿ ಬರಲಿಲ್ಲೋ ಅಲ್ಲಿ ಗಾಳಿ ಹೋಗ್ತೈತಿ. ಒಣಗಿದ ಮ್ಯಾಲ ಒಳಗಿನ ಮೂಲ್ಯಾಗ ಸಿಲಿಕಾನ್ ಎಳದು ಅದರ ವಾಸನಿ ಪೂರಾ ಹೋಗೋತನಾ ಸಬ್ ಕೂಡಸಬ್ಯಾಡ್ರಿ, ಆ ಹಬಿ ಸಬ್ಬಿನ ಸುತ್ತಲ ಫೋಮಿಗೆ ಚೊಲೋದಲ್ಲ.

ಲೀಕ್ ನೋಡಾಕ ಸಬ್ ಕೂಡಿಸಿ 40 ಹರ್ಟ್ಜ್ ಟೋನ್ ಸಣ್ಣಗ ಹಚ್ಚಿ ಊದಿನಕಡ್ಡಿ ಜೋಡಿನ ಗುಂಟ ಹಿಡೀರಿ, ಹೊಗಿ ಎಲ್ಲಿ ನಡಗತೈತಿ ಅಲ್ಲೇ ಲೀಕು. ವೈರ್ ಜೋಡಸೋ ಟರ್ಮಿನಲ್ ಕಪ್ಪಿನ ಸುತ್ತ ಮೊದ್ಲು ನೋಡ್ರಿ.

ಕೆಎ48_ಸ್ವಿಫ್ಟ್
ಭಾಳ ಉಪಕಾರ ಆತ್ರಿ ಅಣ್ಣಾರ. ವೈರಿಂಗ್ ಹೆಂಗ?

ಗೋಳಗುಮ್ಮಟ28
ಎರಡೂ ಕಾಯಿಲ್ ಪ್ಯಾರಲಲ್ ಕೊಟ್ರ 2 ಓಮ್, ಸೀರೀಸ್ ಕೊಟ್ರ 8. ಆಂಪ್ 2 ಓಮ್ ತಡೀತೈತೋ ಇಲ್ಲೋ ಅದರ ಕಾಗದಾದಾಗ ನೋಡೇ ಕೊಡ್ರಿ. ಬ್ಯಾಟರಿಯಿಂದ 18 ಇಂಚಿನೊಳಗ ಫ್ಯೂಸ್ ಬೇಕೇ ಬೇಕು, ಆಂಪಿನ ಹತ್ರ ಹಾಕಿದ್ರ ಮುಂದಿನಿಂದ ಡಿಕ್ಕಿತನಾ ಬರೋ ವೈರಿಗೆ ಕಾವಲ ಇರಂಗಿಲ್ಲ. ಮತ್ತ ಡಬ್ಬಿ ಬೆಲ್ಟ್ ಹಾಕಿ ಬಿಗೀರಿ, ಅಷ್ಟ ಭಾರದ್ದು ಗಕ್ಕನ ಬ್ರೇಕ್ ಹೊಡದ್ರ ಹಿಂದಿನ ಸೀಟಿಗೇ ಬಂದು ಬಡಿತೈತಿ, ಅಲ್ಲಿ ಮಕ್ಕಳ ಕುಂದರತಾರ.