ನನ್ನ ತಪ್ಪನ್ನು ನಾನೇ ಹೊಟ್ಟೆಗೆ ಹಾಕಿಕೊಳ್ಳುವುದು ಹೇಗೆ?

ಅರ್ಧಬೆಳಕು ಕೇಳಿದ್ದು:

ಇದನ್ನು ಬರೆಯಬೇಕೋ ಬೇಡವೋ ಅಂತ ನಾಲ್ಕು ದಿನ ಒದ್ದಾಡಿದೆ. ಸ್ವಲ್ಪ ಉದ್ದ ಇದೆ, ಓದಿ.

ಹೋದ ವರ್ಷ ಅಮ್ಮನಿಗೆ ಕಣ್ಣಿನ ಪೊರೆ ಆಪರೇಷನ್ ಇತ್ತು. ಅಕ್ಕನಿಗೆ ಕೈಗೂಸು. ಅದಕ್ಕೇ "ನೀನು ಬರಬೇಡ, ಒಂದು ವಾರ ನಾನೇ ಇರುತ್ತೇನೆ, ಡ್ರಾಪ್ಸ್ ಹಾಕುವುದೂ ನಾನೇ" ಅಂತ ಹೇಳಿದ್ದೆ. ಬ್ಯಾಗ್ ತುಂಬಿ ಬಾಗಿಲ ಹತ್ತಿರ ಇಟ್ಟೂ ಆಗಿತ್ತು. ಹೊರಡುವ ದಿನ ಬೆಳಿಗ್ಗೆ ಏಳಲು ಆಗಲಿಲ್ಲ. ಮೈಯೆಲ್ಲ ಒದ್ದೆ ಮರಳು ತುಂಬಿದ ಹಾಗೆ. ಫೋನು ಪಕ್ಕದ ಮೇಜಿನ ಮೇಲೆ ಮಗುಚಿ ಇತ್ತು. ಅಕ್ಕ ಕರೆ ಮಾಡಿದಾಗಲೆಲ್ಲ ಗುರ್ ಅಂತ ನಡುಗುತ್ತಾ ಚೂರುಚೂರೇ ಅಂಚಿಗೆ ಜರುಗುತ್ತಿತ್ತು. ನಾನು ನೋಡುತ್ತಾ ಮಲಗಿದ್ದೆ. ಒಂಬತ್ತನೇ ಸಲ ಕೆಳಗೆ ಬಿತ್ತು. ಎತ್ತಿಕೊಳ್ಳಲಿಲ್ಲ. ಹೀಗೆ ಮೂರು ದಿನ.

ಅಕ್ಕ ಮಗುವನ್ನು ಕಟ್ಟಿಕೊಂಡು ರಾತ್ರೋರಾತ್ರಿ ಹೋದಳು. ಆಪರೇಷನ್ ಚೆನ್ನಾಗಿಯೇ ಆಯಿತು. ಎರಡು ವಾರದ ಮೇಲೆ ಸ್ನೇಹಿತನೊಬ್ಬ ನನ್ನನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋದ. ಡಿಪ್ರೆಶನ್ ಅಂದರು. ಅಂದಿನಿಂದ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ, ತಿಂಗಳಿಗೆ ಎರಡು ಸಲ ಕೌನ್ಸೆಲಿಂಗ್ ಇದೆ. ಕೆಲಸಕ್ಕೆ ಹೋಗುತ್ತಿದ್ದೇನೆ. ನಿದ್ದೆ ಪರವಾಗಿಲ್ಲ. ಆದರೆ ಬೆಳಗಿನ ಜಾವ ನಾಲ್ಕಕ್ಕೆ ಎಚ್ಚರ ಆಗುತ್ತದೆ, ಫೋನು ಮೇಜಿನ ಮೇಲೆ ಜರುಗುವುದು ಕಾಣುತ್ತದೆ. ಆಮೇಲೆ ಬೆಳಕು ಹರಿಯುವ ತನಕ ನನ್ನನ್ನು ನಾನೇ ಬೈದುಕೊಳ್ಳುತ್ತೇನೆ.

ಅಕ್ಕ "ಬಿಡೋ, ಅದನ್ನೇ ಎಷ್ಟು ದಿನ ಹಿಡ್ಕೊಂಡಿರ್ತೀಯ" ಅನ್ನುತ್ತಾಳೆ. ಅವಳು ಹೊಟ್ಟೆಗೆ ಹಾಕಿಕೊಂಡಳು. ನನಗೇ ಆಗುತ್ತಿಲ್ಲ. ಕಾಯಿಲೆಯಿಂದ ಹಾಗಾಯಿತು ಅಂದರೆ ನೆಪ ಹೇಳಿದ ಹಾಗಾಗುತ್ತದೆ. ತಪ್ಪು ನನ್ನದೇ ಅಂದರೆ ಮತ್ತೆ ಅದೇ ಗುಂಡಿಗೆ ಬೀಳುತ್ತೇನೆ. ಇದನ್ನು ದಾಟಿದವರು ಯಾರಾದರೂ ಇದ್ದೀರಾ?

ಹಳೇಡೈರಿ ಬರೆದದ್ದು:

ನನಗೆ ಡಿಪ್ರೆಶನ್ ಶುರುವಾಗಿ ಎಂಟು ವರ್ಷ ಆಯಿತು. ನಡುವೆ ಎರಡು ಸಲ ಪೂರ್ತಿ ವಾಸಿಯಾಗಿ ಮತ್ತೆ ಬಂದಿದೆ. ಅದಕ್ಕೇ ಧೈರ್ಯವಾಗಿ ಹೇಳುತ್ತಿದ್ದೇನೆ: ನೀವು ಬೈದುಕೊಳ್ಳುತ್ತಿರುವುದರಲ್ಲಿ ಒಂದಷ್ಟು ಪಾಲು ಕಾಯಿಲೆಯದ್ದೇ.

ಮೊದಲ ಸಲ ಡಾಕ್ಟರ್ ನನಗೆ ಒಂದು ಪ್ರಶ್ನೆಪಟ್ಟಿ ಕೊಟ್ಟಿದ್ದರು. ಆರನ್ ಬೆಕ್ ಅನ್ನುವ ಮನೋವೈದ್ಯರು 1961ರಲ್ಲಿ ಮಾಡಿದ ಪಟ್ಟಿ ಅದು, ಈಗಿನದು ಅದರ ತಿದ್ದಿದ ರೂಪ. ಒಟ್ಟು 21 ಪ್ರಶ್ನೆ. ಐದನೆಯದು ತಪ್ಪು ಮಾಡಿದೆ ಅನ್ನುವ ಭಾವನೆ ಎಷ್ಟಿದೆ ಅಂತ ಕೇಳುತ್ತದೆ. ಆರನೆಯದು ಶಿಕ್ಷೆ ಆಗುತ್ತಿದೆ ಅನ್ನಿಸುತ್ತದೆಯೇ ಅಂತ. ಏಳನೆಯದು ನಿಮ್ಮ ಮೇಲೆ ನಿಮಗೇ ಬೇಸರವೇ ಅಂತ, ಎಂಟನೆಯದು ನಿಮ್ಮನ್ನು ನೀವೇ ದೂರುತ್ತೀರಾ ಅಂತ. ಪೆನ್ನು ಹಿಡಿದುಕೊಂಡು ಹಾಗೇ ಕೂತುಬಿಟ್ಟೆ. ಯಾರಿಗೂ ಹೇಳದೆ ಒಳಗೆ ಬಚ್ಚಿಟ್ಟಿದ್ದನ್ನು ಯಾರೋ ನಾನು ಹುಟ್ಟುವ ಮೊದಲೇ ಅಚ್ಚು ಹಾಕಿಸಿಟ್ಟಿದ್ದರು. ಜ್ವರಕ್ಕೆ ಮೈ ಬಿಸಿಯಾಗುವ ಹಾಗೆ ಈ ಕಾಯಿಲೆಗೆ ಮನಸ್ಸು ತನ್ನನ್ನೇ ದೂರುತ್ತದೆ. ಡಾಕ್ಟರುಗಳು ನೋಡುವ ಡಿಎಸ್‌ಎಂ-5 ಅನ್ನುವ ಮಾನಸಿಕ ಕಾಯಿಲೆಗಳ ಕೈಪಿಡಿಯಲ್ಲಿ (2013) ಡಿಪ್ರೆಶನ್ನಿಗೆ ಒಂಬತ್ತು ಲಕ್ಷಣ ಕೊಟ್ಟಿದ್ದಾರೆ. ಅಳತೆ ಮೀರಿದ ತಪ್ಪಿತಸ್ಥ ಭಾವನೆ ಅದರಲ್ಲಿ ಸೇರಿದೆ.

ಇನ್ನು ಆ ನಾಲ್ಕು ಗಂಟೆಯ ವಿಷಯ. ಬೇಗ ಎಚ್ಚರ ಆಗುವುದು, ಬೆಳಗಿನ ಹೊತ್ತು ಮನಸ್ಸು ಜಾಸ್ತಿ ಭಾರ ಇರುವುದು, ಇವೂ ಈ ಕಾಯಿಲೆಯಲ್ಲಿ ಸಾಮಾನ್ಯ. ಆ ಹೊತ್ತಿನಲ್ಲಿ ನಿಮ್ಮ ಬಗ್ಗೆ ಯಾವ ತೀರ್ಮಾನಕ್ಕೂ ಬರಬೇಡಿ. ನಾನು ಎದ್ದು ದೀಪ ಹಾಕಿ, ಕೈಕಾಲು ಮುಖ ತೊಳೆದು, ಬಟ್ಟೆ ಮಡಚುತ್ತೇನೆ. ಯೋಚನೆ ನಿಲ್ಲುವುದಿಲ್ಲ, ಆದರೆ ಮಲಗಿಕೊಂಡು ಕೇಳುವಷ್ಟು ಜೋರಾಗಿ ಕೇಳಿಸುವುದಿಲ್ಲ.

ಇನ್ನೊಂದು ಮಾತು, ದಯವಿಟ್ಟು. "ನಾನು ಇಲ್ಲದಿದ್ದರೇ ಎಲ್ಲರಿಗೂ ಒಳ್ಳೆಯದು" ಅನ್ನುವ ಕಡೆಗೆ ಯೋಚನೆ ತಿರುಗಿದರೆ ಮುಂದಿನ ಅಪಾಯಿಂಟ್‌ಮೆಂಟ್ ತನಕ ಕಾಯಬೇಡಿ. ಆಗಲೇ ಒಬ್ಬರನ್ನು ಎಬ್ಬಿಸಿ ಹೇಳಿ, ಡಾಕ್ಟರಿಗೆ ತಿಳಿಸಿ. ನಾಲ್ಕು ಗಂಟೆ ಆದರೂ ಸರಿ.

ನಿಧಾನ ಬರೆದದ್ದು:

ನಾನು ಆ ಕಡೆಯವಳು. ಕಾಯಿಲೆ ಇದ್ದದ್ದು ನನ್ನ ಗಂಡನಿಗೆ.

ಹಳೇಡೈರಿ ಹೇಳಿದ್ದು ಸರಿ. ಆದರೆ ಎಲ್ಲವನ್ನೂ ಕಾಯಿಲೆಯ ತಲೆಗೆ ಕಟ್ಟಿದರೆ ನಿಮಗೂ ಸಮಾಧಾನ ಸಿಗಲಾರದು. ನಿಮ್ಮ ಅಕ್ಕನಿಗೆ ಕಷ್ಟ ಆಗಿದ್ದು ನಿಜ. ಕೈಗೂಸನ್ನು ಎತ್ತಿಕೊಂಡು ರಾತ್ರಿ ಹೊರಟಿದ್ದು ನಿಜ. ಅದನ್ನು ಒಪ್ಪಿಕೊಳ್ಳಿ. "ನಾನು ಕೆಟ್ಟವನು" ಅನ್ನುವುದನ್ನು ಒಪ್ಪಿಕೊಳ್ಳಬೇಡಿ. ಇವು ಎರಡು ಬೇರೆ ಬೇರೆ ಮಾತು.

ನನ್ನನ್ನು ಜಾಸ್ತಿ ದಣಿಸಿದ್ದು ಏನು ಗೊತ್ತಾ? ಅವರು ಹಾಸಿಗೆ ಬಿಟ್ಟು ಏಳದೆ ಇದ್ದದ್ದಲ್ಲ. ಆಮೇಲೆ ದಿನಾ ಸಂಜೆ "ನಿನ್ನ ಬಾಳು ಹಾಳು ಮಾಡಿದೆ" ಅಂತ ಅಳುತ್ತಿದ್ದದ್ದು. ನೋವು ನನಗಾಗಿತ್ತು, ಸಮಾಧಾನವನ್ನೂ ನಾನೇ ಮಾಡಬೇಕಿತ್ತು. ಆ ಕ್ಷಮೆ ಕೇಳುವಿಕೆಯಲ್ಲಿ ನಾನು ಎಲ್ಲೂ ಇರಲಿಲ್ಲ. ಒಂದು ದಿನ ಮಾತ್ರ ಅವರು ಬೇರೆ ಥರ ಕೇಳಿದರು: "ಆ ತಿಂಗಳು ಮಗಳ ಶಾಲೆಗೆ ನೀನೊಬ್ಬಳೇ ಓಡಾಡಿದೆಯಲ್ಲ, ಹೇಗಿತ್ತು ನಿನಗೆ?" ನಾನು ಒಂದು ಗಂಟೆ ಮಾತಾಡಿದೆ. ಅವರು ನಡುವೆ ಬಾಯಿ ಹಾಕಲಿಲ್ಲ, ಅಳಲಿಲ್ಲ, ಸುಮ್ನೆ ಕೇಳಿದರು. ಅವತ್ತು ನನ್ನ ಎದೆ ಹಗುರಾಯಿತು. ಅವರದ್ದೂ ಅವತ್ತಿನಿಂದಲೇ ಕಡಿಮೆ ಆಗುತ್ತಾ ಬಂತು.

ನಿಮ್ಮ ಅಕ್ಕನನ್ನು ಹಾಗೆ ಕೇಳಿದ್ದೀರಾ? "ಬಿಡೋ" ಅಂದಿದ್ದು ನಿಮ್ಮನ್ನು ಕ್ಷಮಿಸಿ ಅಂದಿದ್ದೂ ಇರಬಹುದು, ಆ ಮಾತು ಕೇಳಿ ಕೇಳಿ ಸುಸ್ತಾಗಿ ಅಂದಿದ್ದೂ ಇರಬಹುದು.

ಕಿಟಕಿಪಕ್ಕ ಬರೆದದ್ದು:

ಚಿಕ್ಕ ಮಾತು. ನೀವು ಬರೆದಿರುವುದರಲ್ಲಿ ಒಳ್ಳೆಯದೊಂದು ಇದೆ: ಆ ದಿನ, ಆ ಮೇಜು, ಒಂಬತ್ತು ಕರೆ. ಡಿಪ್ರೆಶನ್ ಇರುವವರ ನೆನಪು ಮಸಕಾಗಿ, "ನಾನು ಯಾವಾಗಲೂ ಹೀಗೇ" ಅನ್ನುವ ಒಂದೇ ವಾಕ್ಯಕ್ಕೆ ಇಳಿದುಬಿಡುತ್ತದೆ. ಮಾರ್ಕ್ ವಿಲಿಯಮ್ಸ್ ಅನ್ನುವ ಮನಶ್ಶಾಸ್ತ್ರಜ್ಞರು 1980ರ ದಶಕದಿಂದಲೇ ಇದನ್ನು ಅಭ್ಯಾಸ ಮಾಡಿದ್ದಾರೆ. ಅದಕ್ಕೇ ನಾನು "ಯಾವಾಗಲೂ" ಅಂತ ಅನ್ನಿಸಿದಾಗ ಹಾಳೆ ತೆಗೆದು ತಾರೀಖು ಬರೆಯುತ್ತೇನೆ. ಮಾತು ಉಳಿಸಿಕೊಂಡ ದಿನಗಳನ್ನೂ ಬರೆಯುತ್ತೇನೆ, ಮನಸ್ಸು ಒಪ್ಪದಿದ್ದರೂ.

ಅರ್ಧಬೆಳಕು ಮತ್ತೆ ಬರೆದದ್ದು (ಹನ್ನೊಂದು ದಿನದ ನಂತರ):

ನಿಧಾನ ಅವರೇ, ನಿಮ್ಮ ಕೊನೆಯ ಸಾಲು ಓದಿ ಎರಡು ದಿನ ಸಿಟ್ಟು ಬಂದಿತ್ತು. ಆಮೇಲೆ ಅಕ್ಕನಿಗೆ ಫೋನ್ ಮಾಡಿದೆ.

ಹೇಳಬೇಕಾದ್ದನ್ನು ಮೊದಲೇ ಚೀಟಿಯಲ್ಲಿ ಬರೆದುಕೊಂಡಿದ್ದೆ. "ಅವತ್ತು ಬರುತ್ತೇನೆ ಅಂದು ಬರಲಿಲ್ಲ. ಮೂರು ದಿನ ಫೋನ್ ಎತ್ತಲಿಲ್ಲ. ತಪ್ಪಾಯಿತು. ಆ ಮೂರು ದಿನ ನಿನಗೆ ಹೇಗಿತ್ತು?" ಅಷ್ಟೇ. ಅವಳು ಸುಮಾರು ಹೊತ್ತು ಮಾತೇ ಆಡಲಿಲ್ಲ. ಆಮೇಲೆ ಹೇಳಿದಳು: "ಡ್ರಾಪ್ಸ್ ಯಾರು ಹಾಕಿದರೇನು ಕಣೋ. ನೀನು ಇಲ್ಲವೇ ಇಲ್ಲ ಅಂತ ಅಂದುಕೊಂಡೆ. ಆ ರಾತ್ರಿ ದಾರಿಯುದ್ದಕ್ಕೂ ಅಮ್ಮನಿಗೆ ಹೇಗೆ ಹೇಳಲಿ ಅಂತ ಯೋಚಿಸಿದೆ."

ಇಷ್ಟು ದಿನ ನಾನು ಬೈದುಕೊಳ್ಳುತ್ತಿದ್ದದ್ದು ಡ್ರಾಪ್ಸ್ ಬಗ್ಗೆ. ಅವಳಿಗೆ ನೋವಾದದ್ದು ಬೇರೆಯದಕ್ಕೆ. ನನಗೆ ಗೊತ್ತೇ ಇರಲಿಲ್ಲ. ಇಬ್ಬರೂ ಅತ್ತೆವು. ಆದರೆ ಈ ಸಲ "ನಾನು ಕೆಟ್ಟವನು" ಅಂತ ನಾನು ಹೇಳಲಿಲ್ಲ. ನಾಲಿಗೆ ತುದಿಗೆ ಬಂದಿತ್ತು, ಚೀಟಿ ನೋಡಿಕೊಂಡೆ.

ಒಂದು ಒಪ್ಪಂದ ಮಾಡಿಕೊಂಡಿದ್ದೇವೆ. ಮಾತಾಡಲು ಆಗದ ದಿನ ನಾನು ಅವಳಿಗೆ ಬರೀ ಒಂದು ಚುಕ್ಕೆ ಮೆಸೇಜ್ ಕಳಿಸಬೇಕು. ಅವಳು ಏನೂ ಕೇಳುವಂತಿಲ್ಲ. ಮೊನ್ನೆ ಒಂದು ಕಳಿಸಿದೆ. ಅವಳೂ ವಾಪಸ್ ಒಂದು ಚುಕ್ಕೆ ಹಾಕಿದಳು.

ನಾಲ್ಕು ಗಂಟೆಗೆ ಇನ್ನೂ ಎಚ್ಚರ ಆಗುತ್ತದೆ. ಎಲ್ಲ ಹೋಯಿತು ಅಂದರೆ ಸುಳ್ಳಾಗುತ್ತದೆ. ಡಾಕ್ಟರಿಗೂ ಅದನ್ನು ಹೇಳಿದ್ದೇನೆ. ಹುಷಾರಾದ ಮೇಲೂ ಕೆಲವು ತಿಂಗಳು ಮಾತ್ರೆ ಬೇಕಾಗುತ್ತದೆ, ನೀವಾಗಿಯೇ ನಿಲ್ಲಿಸಬೇಡಿ ಅಂದರು. ಈಗ ಎದ್ದು ದೀಪ ಹಾಕುತ್ತೇನೆ, ಹಳೇಡೈರಿ ಅವರ ಹಾಗೆ ಬಟ್ಟೆ ಮಡಚುತ್ತೇನೆ.

ಮುಂದಿನ ತಿಂಗಳು ಅಮ್ಮನ ಇನ್ನೊಂದು ಕಣ್ಣಿನ ಆಪರೇಷನ್. ಈ ಸಲ ಇಬ್ಬರೂ ಹೋಗುತ್ತಿದ್ದೇವೆ. ಬೆಳಗಿನ ಡ್ರಾಪ್ಸ್ ಅಕ್ಕ ಹಾಕುತ್ತಾಳೆ, ಮಧ್ಯಾಹ್ನದ್ದೂ ರಾತ್ರಿಯದ್ದೂ ನನ್ನದು.