ಸ್ಕ್ಯಾನರ್‌ನಲ್ಲಿ ಮೈನಸ್ 40 ಡಿಗ್ರಿ, ಸೆನ್ಸರ್ ಬದಲಿಸಬೇಕಾ?

ಪ್ರಶ್ನೆ (ಮಲ್ಪೆ): ಹಳೇ ಪೆಟ್ರೋಲ್ ಕಾರು. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಪೆಟ್ರೋಲ್ ವಾಸನೆ, ಮೈಲೇಜೂ ಇಳಿದಿದೆ. ಕಾರಿನ ದೋಷ ಓದುವ ಸ್ಕ್ಯಾನರ್‌ನಲ್ಲಿ ಪಿ0113 ಕೋಡ್, ಅಂದ್ರೆ ಗಾಳಿಯ ಉಷ್ಣತೆ ಅಳೆಯುವ ಸೆನ್ಸರಿನ ಸರ್ಕ್ಯೂಟ್ ದೋಷ. ಎಂಜಿನ್ನಿಗೆ ಹೋಗುವ ಗಾಳಿ ಮೈನಸ್ 40 ಡಿಗ್ರಿಯಂತೆ, ಈ ಸೆಕೆಯಲ್ಲಿ! ಗ್ಯಾರೇಜಿನವರು ಸೆನ್ಸರ್ ಬದಲಿಸಿ ಅನ್ನುತ್ತಾರೆ. ಸುಮ್ನೆ ದುಡ್ಡು ಹಾಕಲು ಮನಸ್ಸಿಲ್ಲ.

ಉತ್ತರ (ಉಡುಪಿ): ತಡೀರಿ ಮಾರಾಯ್ರೆ. ಮೈನಸ್ 40 ಅಂದ್ರೆ ಸರ್ಕ್ಯೂಟ್ ಎಲ್ಲೋ ತುಂಡಾಗಿದೆ ಅಂತ. ಸೆನ್ಸರೇ ಹೋಗಿರಬೇಕು ಅಂತಿಲ್ಲ. ಎರಡೇ ವಯರಿನ ಸೆನ್ಸರ್ ಆದರೆ ಸಾಕೆಟ್ ಕಳಚಿ, ಸಾಕೆಟ್ಟಿನ ಎರಡೂ ಪಿನ್ ಸಣ್ಣ ವಯರಿನಿಂದ ಸೇರಿಸಿ. ರೀಡಿಂಗ್ 100 ಡಿಗ್ರಿ ದಾಟಿ ಹಾರಿದರೆ ವಯರಿಂಗ್ ಸರಿ ಇದೆ. ನಾಲ್ಕೈದು ವಯರ್ ಇದ್ದರೆ ದಯವಿಟ್ಟು ಇದನ್ನು ಮಾಡಬೇಡಿ.

ಆಮೇಲೆ ಸೆನ್ಸರಿಗೆ ಮಲ್ಟಿಮೀಟರ್ ಹಿಡಿದು ರೆಸಿಸ್ಟೆನ್ಸ್ ನೋಡಿ. ಹೆಚ್ಚಿನವು 25 ಡಿಗ್ರಿಗೆ 2 ಕಿಲೋ ಓಮ್ ಆಸುಪಾಸು ತೋರಿಸುತ್ತವೆ. ಹೇರ್ ಡ್ರೈಯರ್ ಬಿಸಿಗೆ ಅದು ನಿಧಾನವಾಗಿ ಇಳಿಯಬೇಕು.

ಉತ್ತರ (ಸುರತ್ಕಲ್): ಕಡಲ ಬದಿಯಲ್ಲಿ ಮೊದಲು ಸಾಕೆಟ್ಟೇ ನೋಡಬೇಕು. ಉಪ್ಪುಗಾಳಿಗೆ ಪಿನ್ ಹಸಿರಾಗುತ್ತದೆ, ಅಲ್ವಾ?

ಮಲ್ಪೆ: ಹೌದು, ಒಂದು ಪಿನ್ ಪೂರ್ತಿ ಹಸಿರು! ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಹಳೇ ಟೂತ್‌ಬ್ರಷ್‌ನಿಂದ ಉಜ್ಜಿದೆ. ಬೆಳಿಗ್ಗೆ ತಣ್ಣಗಿನ ಎಂಜಿನ್ನಿನಲ್ಲಿ ಗಾಳಿ 28 ಡಿಗ್ರಿ, ಕೂಲಂಟ್ (ಎಂಜಿನ್ ತಣಿಸುವ ದ್ರವ) 29. ತುಂಬಾ ಉಪಕಾರ ಆಯ್ತು.

ಉಡುಪಿ: ತಣ್ಣಗಿನ ಎಂಜಿನ್ನಿನಲ್ಲಿ ಎರಡೂ ಹೆಚ್ಚುಕಮ್ಮಿ ಒಂದೇ ಇರಬೇಕು. ಹತ್ತಿರ ಬಂತಲ್ಲ, ಸೆನ್ಸರ್ ಚೆನ್ನಾಗಿದೆ. ಕೋಡ್ ಅಳಿಸಿ ಓಡಿಸಿ.