ಜುಲೈ ಮಳೆಯಲ್ಲಿ ರಾಜಮಾಚಿ: ಆರು ಜನ, ಎರಡು ಟೆಂಟ್. ಹೋಗಬಹುದಾ?

ವಾಕಡ್ ಹುಡುಗ

ಎಲ್ಲರಿಗೂ ನಮಸ್ಕಾರ. ಪುಣೆಯಲ್ಲಿದ್ದು ಮಳೆಗಾಲದಲ್ಲಿ ಬೆಟ್ಟ ಹತ್ತಿ ರೂಢಿ ಇರುವವರು ದಯವಿಟ್ಟು ಸ್ವಲ್ಪ ಹೇಳಿ.

ನಾವು ಆರು ಜನ ಗೆಳೆಯರು. ಎಲ್ಲರಿಗೂ ಹಿಂಜವಡಿಯಲ್ಲೇ ಕೆಲಸ. ಜುಲೈ ಕೊನೆಯ ಶನಿವಾರ ಹೊರಟು ಲೋಣಾವಳ ಹತ್ತಿರದ ರಾಜಮಾಚಿ ಕೋಟೆಗೆ ಹೋಗಿ, ರಾತ್ರಿ ಟೆಂಟ್ ಹಾಕಿ ಮಲಗಿ, ಭಾನುವಾರ ಸಂಜೆ ವಾಪಸ್ ಬರಬೇಕು ಅಂತ ಆಸೆ. ನಾನು ಮತ್ತು ಇನ್ನೊಬ್ಬ ಸಿಂಹಗಡ, ಲೋಹಗಡ ಹತ್ತಿದ್ದೇವೆ. ಇಬ್ಬರಿಗೆ ಇದೇ ಮೊದಲು. ಅವರಲ್ಲಿ ಒಬ್ಬ ಕಲಬುರಗಿಯವನು, ಘಟ್ಟದ ಮಳೆ ಅಂದರೆ ಹೇಗಿರುತ್ತೆ ಅಂತ ನೋಡೇ ಇಲ್ಲ. ಅವನಿಗೇ ಎಲ್ಲರಿಗಿಂತ ಜಾಸ್ತಿ ಉತ್ಸಾಹ.

ಮೂರು ಜನ ಹಿಡಿಸುವ ಎರಡು ಟೆಂಟ್ ಗೆಳೆಯನ ಹತ್ತಿರ ಸಿಗುತ್ತವೆ. ಒಬ್ಬ ಹೇಳುತ್ತಾನೆ, ಕರ್ಜತ್ ಕಡೆಯಿಂದ ಕೊಂಡಾಣೆ ಗುಹೆ ನೋಡಿಕೊಂಡು ಹತ್ತೋಣ, ಲೋಣಾವಳ ಕಡೆ ಇಳಿಯೋಣ ಅಂತ. ಇನ್ನೊಬ್ಬ ಲೋಣಾವಳದಿಂದಲೇ ಹೋಗಿ ಬರೋಣ ಅಂತಾನೆ. ಯಾವುದು ಸರಿ? ಟೆಂಟ್ ಎಲ್ಲಿ ಹಾಕೋದು? ಮತ್ತೆ ಬ್ಯಾಗ್ ವಿಷಯ. ಹೋದ ವರ್ಷ ಲೋಹಗಡದಲ್ಲಿ ಬ್ಯಾಗಿಗೆ ಮಳೆ ಕವರ್ ಹಾಕಿದ್ದರೂ ಒಳಗಿನ ಬಟ್ಟೆ ಎಲ್ಲ ತೊಯ್ದು ಹೋಗಿತ್ತು. ಅದು ಯಾಕೆ ಅಂತ ಇವತ್ತಿಗೂ ಗೊತ್ತಾಗಿಲ್ಲ.

ಊರಲ್ಲಿ ಅಮ್ಮ ಟಿವಿ ನೋಡಿ ಹೆದರಿದ್ದಾರೆ. 2024ರಲ್ಲಿ ಭೂಶಿ ಡ್ಯಾಮ್ ಹತ್ತಿರ ಒಂದೇ ಮನೆಯವರು ಕೊಚ್ಚಿ ಹೋದ ವಿಡಿಯೊ ಅವರ ತಲೆಯಿಂದ ಹೋಗಿಲ್ಲ. ಅವರಿಗೆ ಧೈರ್ಯ ಹೇಳಬೇಕಾದರೆ ಮೊದಲು ನನಗೇ ಸರಿಯಾಗಿ ಗೊತ್ತಿರಬೇಕು ಅಲ್ವಾ? ಅದಕ್ಕೇ ಕೇಳುತ್ತಿದ್ದೇನೆ.

ಚಿಂಚವಡ್ ಕನ್ನಡತಿ

ಹೋಗಬಹುದು. ಚೆನ್ನಾಗಿರುತ್ತೆ. ಆದರೆ ಟೆಂಟ್ ಬಿಟ್ಟು ಹೋಗಿ.

ನಾನು ಏಳು ಮಳೆಗಾಲದಲ್ಲಿ ರಾಜಮಾಚಿಗೆ ಹೋಗಿದ್ದೇನೆ. ಎರಡು ಸಲ ಟೆಂಟ್ ಒಯ್ದಿದ್ದೆ, ಎರಡು ಸಲವೂ ರಾತ್ರಿ ಹಳ್ಳಿಯವರ ಪಡಸಾಲೆಯಲ್ಲೇ ಮಲಗಿದ್ದು. ಕೋಟೆಯ ಬುಡದಲ್ಲಿ ಉಧೇವಾಡಿ ಅಂತ ಪುಟ್ಟ ಹಳ್ಳಿ ಇದೆ. ಅಲ್ಲಿ ತುಂಬಾ ಮನೆಗಳಲ್ಲಿ ಊಟ, ಮಲಗೋಕೆ ಜಾಗ ಎರಡೂ ಕೊಡುತ್ತಾರೆ. ಮೊದಲೇ ಫೋನ್ ಮಾಡಿ ಆರು ಜನ ಬರುತ್ತೇವೆ ಅಂತ ಹೇಳಿ, ಮಳೆಗಾಲದ ಶನಿವಾರ ಜನ ಜಾಸ್ತಿ ಇರುತ್ತಾರೆ. ಅಕ್ಕಿ ಹಿಟ್ಟಿನ ಬಿಸಿ ಭಾಕ್ರಿ, ಪಿಠ್ಲ, ಹಸಿಮೆಣಸಿನಕಾಯಿ ಠೇಚಾ. ಪಿಠ್ಲ ಅಂದರೆ ಕಡಲೆ ಹಿಟ್ಟಿನದು, ನಮ್ಮ ಝುಣಕದ ಹಾಗೇ, ಸ್ವಲ್ಪ ತೆಳ್ಳಗೆ. ಇಡೀ ದಿನ ನೆನೆದು ಬಂದು, ಒಣ ಬಟ್ಟೆ ಹಾಕಿಕೊಂಡು, ಒಲೆ ಪಕ್ಕ ಕೂತು ಅದನ್ನ ತಿನ್ನೋ ಸುಖವನ್ನ ಟೆಂಟ್ ಕೊಡಲ್ಲ.

ದಾರಿ ಬಗ್ಗೆ ನನ್ನ ಮಾತು ಕೇಳಿ, ಲೋಣಾವಳದಿಂದಲೇ ಹೋಗಿ ಅದೇ ದಾರಿಯಲ್ಲಿ ಬನ್ನಿ. ಶಿವಾಜಿನಗರದಿಂದ ಬೆಳಗಿನ ಮೊದಲ ಲೋಕಲ್ ಹಿಡಿಯಿರಿ. ಸ್ಟೇಷನ್ನಿಂದ ತುಂಗಾರ್ಲಿ ಕಡೆ ಹೋದರೆ ಜೀಪ್ ದಾರಿ ಸಿಗುತ್ತೆ, ಹಳ್ಳಿಯವರೆಗೆ ಸುಮಾರು 15 ಕಿಲೋಮೀಟರ್. ಉದ್ದ ಅನಿಸುತ್ತೆ, ಆದರೆ ಏರು ಕಡಿಮೆ. ಮಂಜು ಮುಚ್ಚಿದರೂ ದಾರಿ ತಪ್ಪಲ್ಲ. ಮೊದಲ ಸಲದವರು ಇದ್ದರೆ ಐದಾರು ಗಂಟೆ ಹಿಡಿಯಿರಿ. ಮಧ್ಯಾಹ್ನ 2 ಗಂಟೆ ಒಳಗೆ ಹಳ್ಳಿ ಮುಟ್ಟಬೇಕು ಅಂತ ಇಟ್ಟುಕೊಳ್ಳಿ. ಬೈಕ್ ತಗೊಂಡು ಹೋಗೋಣ ಅಂತ ಯಾರಾದರೂ ಅಂದರೆ ಬೇಡ ಅನ್ನಿ, ಜುಲೈನಲ್ಲಿ ಆ ಕೆಸರಲ್ಲಿ ಬೈಕ್ ತಳ್ಳೋದೇ ಒಂದು ಕೆಲಸ ಆಗುತ್ತೆ.

ಕೊಂಡಾಣೆ ಕಡೆಯ ದಾರಿ ದೂರ ಕಡಿಮೆ, ಆದರೆ ಪೂರ್ತಿ ಕಾಡಿನ ಏರು. ನಡುವೆ ಕವಲು ದಾರಿಗಳು ಜಾಸ್ತಿ. ಮಂಜಲ್ಲಿ ಎಷ್ಟೋ ಜನ ಅಲ್ಲಿ ದಾರಿ ತಪ್ಪಿಸಿಕೊಳ್ಳುತ್ತಾರೆ. ಗುಹೆಗಳು ಬೌದ್ಧರ ಕಾಲದವು, ಮಳೆಯಲ್ಲಿ ಗುಹೆಯ ಮುಂದೇ ಜಲಪಾತ ಬೀಳುತ್ತೆ, ನೋಡಲೇಬೇಕಾದ ಜಾಗ. ಅದನ್ನ ಬೇರೆ ದಿನ ಬೆಳಿಗ್ಗೆ ಹೋಗಿ, ಗುಹೆಯವರೆಗೆ ಮಾತ್ರ ನೋಡಿಕೊಂಡು ಸಂಜೆ ವಾಪಸ್ ಬನ್ನಿ.

ಕೋಟೆ ಎರಡಿವೆ, ಶ್ರೀವರ್ಧನ ಮತ್ತು ಮನರಂಜನ. ನಡುವಿನ ತಗ್ಗಿನಲ್ಲಿ ಭೈರವನಾಥನ ಗುಡಿ. ಶ್ರೀವರ್ಧನ ಎತ್ತರದ್ದು, ಸುಮಾರು 3,000 ಅಡಿ. ಶನಿವಾರ ಹಳ್ಳಿ ಮುಟ್ಟಿದ ಮೇಲೆ ಮಳೆ ಜೋರಾಗಿದ್ದರೆ ಹತ್ತಬೇಡಿ. ಭಾನುವಾರ ಬೆಳಿಗ್ಗೆ ಎದ್ದು ನೋಡಿ. ನಾನು ಹೋದ ಸಲ ಗುಡಿಯ ಮುಂದಿನ ದೀಪಮಾಲೆ ಪಕ್ಕ ಒಂದು ಗಂಟೆ ಸುಮ್ನೆ ಕೂತಿದ್ದೆ, ಬರೀ ಬಿಳಿ. ಆಮೇಲೆ ಗಾಳಿ ಒಂದು ಸಲ ಮಂಜನ್ನ ಎತ್ತಿತು. ಎದುರಿನ ಕಣಿವೆ ಕಂಡಿತು, ಎಣಿಸೋಕೆ ಆಗದಷ್ಟು ನೀರಿನ ಎಳೆಗಳು. ಎರಡು ನಿಮಿಷ ಇರಬಹುದು, ಮತ್ತೆ ಮುಚ್ಚಿಕೊಂಡಿತು. ಆ ಎರಡು ನಿಮಿಷಕ್ಕಾಗಿ ನಾನು ಪ್ರತಿ ವರ್ಷ ಹೋಗುತ್ತೇನೆ.

ಶಿರಸಿ ಕಡೆಯವ

ನಿಮ್ಮ ಬ್ಯಾಗ್ ಯಾಕೆ ತೊಯ್ದಿತು ಅಂತ ಹೇಳುತ್ತೇನೆ. ಮಳೆ ಕವರ್ ಬ್ಯಾಗಿನ ಹೊರಗಡೆಯನ್ನ ಮಾತ್ರ ಮುಚ್ಚುತ್ತೆ. ಬೆನ್ನಿಗೆ ತಾಗುವ ಕಡೆ ಖಾಲಿ. ಕುತ್ತಿಗೆಯಿಂದ ಇಳಿಯುವ ನೀರು ಬೆನ್ನ ಮೇಲಿಂದ ಪಟ್ಟಿಗಳ ಮೂಲಕ ನೇರ ಒಳಗೆ ಹೋಗುತ್ತೆ. ಮೇಲಾಗಿ ಕವರಿನ ತಳದಲ್ಲೇ ನೀರು ನಿಂತು ಬ್ಯಾಗ್ ಅದರಲ್ಲಿ ನೆನೆಯುತ್ತಾ ಇರುತ್ತೆ. ಅದಕ್ಕೆ ಬ್ಯಾಗಿನ ಒಳಗೇ ಕಸ ಹಾಕುವ ದಪ್ಪ ಪ್ಲಾಸ್ಟಿಕ್ ಚೀಲ ದೊಡ್ಡದು ಒಂದನ್ನ ಇಳಿಬಿಟ್ಟು, ಸಾಮಾನೆಲ್ಲ ಅದರೊಳಗೆ ತುಂಬಿ, ಬಾಯಿ ತಿರುಚಿ ಕಟ್ಟಿ. ರಾತ್ರಿಯ ಒಣ ಬಟ್ಟೆಗೆ ಅದರೊಳಗೇ ಇನ್ನೊಂದು ಚೀಲ. ಈ ಬಟ್ಟೆಯನ್ನ ದಾರಿಯಲ್ಲಿ ಏನೇ ಆದರೂ ಬಿಚ್ಚಬಾರದು. ಬೆಳಿಗ್ಗೆ ಎದ್ದು ಮತ್ತೆ ಅದೇ ಒದ್ದೆ ಬಟ್ಟೆ ಹಾಕಿಕೊಂಡು ನಡೆಯಬೇಕು. ಮೊದಲ ಐದು ನಿಮಿಷ ಕಷ್ಟ, ಆಮೇಲೆ ಗೊತ್ತಾಗಲ್ಲ.

ಜೀನ್ಸ್ ಬೇಡವೇ ಬೇಡ. ನೀರು ಕುಡಿದು ಭಾರ ಆಗುತ್ತೆ, ತೊಡೆ ಉಜ್ಜಿ ಚರ್ಮ ಕಿತ್ತು ಬರುತ್ತೆ. ತೆಳ್ಳಗಿನ ಟ್ರ್ಯಾಕ್ ಪ್ಯಾಂಟ್ ಸಾಕು. ಸಾಕ್ಸ್ ಹಾಕೋ ಮೊದಲು ಪಾದಕ್ಕೆ, ಬೆರಳ ಸಂದಿಗೆ ವ್ಯಾಸಲಿನ್ ಹಚ್ಚಿ. ಎಂಟು ಗಂಟೆ ಶೂ ಒಳಗೆ ನೀರಿದ್ದರೆ ಪಾದ ಬೆಳ್ಳಗೆ ಸುಕ್ಕಾಗುತ್ತೆ, ಆಮೇಲೆ ಬೊಬ್ಬೆ ಬರುತ್ತೆ. ಶೂ ದುಬಾರಿ ಇರಬೇಕು ಅಂತೇನಿಲ್ಲ, ಅಡಿಯ ಹಲ್ಲು ಸವೆದಿರಬಾರದು ಅಷ್ಟೆ. ಇಲ್ಲಿನ ಕರಿ ಬಂಡೆಯ ಮೇಲೆ ಹಾವಸೆ ಕಟ್ಟಿರುತ್ತೆ. ಹಸಿರಾಗಿ ಕಂಡ ಕಡೆ ಕಾಲಿಡೋ ಬದಲು ಹುಲ್ಲಿನ ಅಂಚಲ್ಲೋ ಕೆಸರಲ್ಲೋ ಕಾಲಿಡಿ. ಕೆಸರಾದರೂ ಪರವಾಗಿಲ್ಲ, ಸೊಂಟ ಉಳಿಯುತ್ತೆ.

ಇಂಬಳದ ಕಾಟ ನಮ್ಮ ಕಡೆಯಷ್ಟು ಇಲ್ಲಿಲ್ಲ, ಅದಕ್ಕೆ ಹೆದರಬೇಡಿ. ಆದರೆ ಪೊದೆ, ಕೊಂಬೆ ಹಿಡಿಯೋ ಮುಂಚೆ ಒಂದು ಸಲ ನೋಡಿ. ಮಳೆಗಾಲದಲ್ಲಿ ಹಸಿರು ಮಂಡಲ ಹಾವು ಎಲೆಯ ಬಣ್ಣದಲ್ಲೇ ಕೂತಿರುತ್ತೆ. ಅಲುಗಾಡಲ್ಲ, ಓಡಿ ಹೋಗೋದೂ ಇಲ್ಲ.

ಇಲ್ಲಿಯ ಗದ್ದೆಗಳಲ್ಲಿ ನಾಟಿ ಮಾಡುವ ಹೆಂಗಸರು ಬಿದಿರು, ಎಲೆಯಿಂದ ಮಾಡಿದ ಇರ್ಲೆ ಅಂತ ಬೆನ್ನಿಗೆ ಹೊದ್ದಿರುತ್ತಿದ್ದರು, ಈಗ ಹೆಚ್ಚಿನವರು ಪ್ಲಾಸ್ಟಿಕ್ ಹೊದೆಯುತ್ತಾರೆ. ಮೊದಲ ಸಲ ಅದನ್ನ ನೋಡಿದಾಗ ನಮ್ಮ ಅಜ್ಜಿಯ ಗೊರಬು ನೆನಪಾಗಿ ಕಣ್ಣು ತುಂಬಿತ್ತು. ಬಗ್ಗಿ ಕೆಲಸ ಮಾಡುವವರಿಗೆ ಎರಡೂ ಕೈ ಬಿಡುವಾಗಿರಬೇಕು, ಬೆನ್ನು ನೆನೆಯಬಾರದು. ನಿಮಗೂ ಅದೇ ಬೇಕಾಗಿರೋದು. ಕೊಡೆ ಬಿಟ್ಟು, ಬ್ಯಾಗಿನ ಮೇಲಿಂದ ಹಾಕುವ ಅಗಲದ ಪೊಂಚೋ ತಗೊಳ್ಳಿ.

ಅಷ್ಟಾದರೂ ಟೆಂಟ್ ಬೇಕೇ ಬೇಕು ಅಂದರೆ, ಮೊದಲು ಮನೆಯ ಟೆರೇಸ್ ಮೇಲೆ ಹಾಕಿ ಅರ್ಧ ಗಂಟೆ ಪೈಪಲ್ಲಿ ನೀರು ಬಿಡಿ. ಎಲ್ಲಿ ಸೋರುತ್ತೆ ಅಂತ ಪುಣೆಯಲ್ಲೇ ಗೊತ್ತಾಗಲಿ. ಕೆಳಗೆ ಹಾಸುವ ಹಾಳೆ ಟೆಂಟಿನ ಅಂಚಿಂದ ಹೊರಗೆ ಒಂದು ಬೆರಳೂ ಬರಬಾರದು, ಬಂದರೆ ಮೇಲಿಂದ ಸುರಿದ ನೀರು ಅದರ ಮೇಲೆ ಬಿದ್ದು ನಿಮ್ಮ ಹಾಸಿಗೆ ಕೆಳಗೇ ಸೇರುತ್ತೆ. ಟೆಂಟಿನ ಒಳಗೆ ಒಲೆ ಹಚ್ಚಬೇಡಿ, ಚಹಾಕ್ಕೂ ಬೇಡ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಮಲಗಿದವರು ಏಳಲ್ಲ. ಗ್ಯಾಸ್ ಡಬ್ಬಿಯನ್ನ ರೈಲಲ್ಲಿ ಒಯ್ಯುವ ಹಾಗೂ ಇಲ್ಲ.

ಧಾರವಾಡ ಟು ಕೊಥ್ರುಡ್

ಮೇಲಿನ ಇಬ್ಬರೂ ಸರಿಯಾಗಿ ಹೇಳಿದ್ದಾರೆ. ನಾನು ಹಳ್ಳದ ಬಗ್ಗೆ ಮಾತ್ರ ಬರೆಯುತ್ತೇನೆ, ಯಾಕೆಂದರೆ ನಾನು ಅದನ್ನ ಕಣ್ಣಾರೆ ಕಂಡಿದ್ದೇನೆ.

ನಾಲ್ಕು ವರ್ಷದ ಹಿಂದೆ ತಾಮ್ಹಿಣಿ ಕಡೆ ಒಂದು ಟ್ರೆಕ್ಕಿಗೆ ಹೋಗಿದ್ದೆ. ದುಡ್ಡು ತಗೊಂಡು ಕರೆದುಕೊಂಡು ಹೋಗುವವರು. ನಾವು ನಲವತ್ತು ಜನ, ಅವರು ಇಬ್ಬರೇ. ಬೆಳಿಗ್ಗೆ ದಾಟಿದಾಗ ಹಳ್ಳದ ನೀರು ಹರಡಿನವರೆಗೆ ಇತ್ತು, ತಳದ ಕಲ್ಲು ಕಾಣುತ್ತಿತ್ತು, ಎಲ್ಲರೂ ನಿಂತು ಫೋಟೊ ತೆಗೆದರು. ಮಧ್ಯಾಹ್ನ 3 ಗಂಟೆಗೆ ಅದೇ ಜಾಗಕ್ಕೆ ಬಂದಾಗ ನೀರು ಕೆಂಪು ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಎಲೆ, ಕಡ್ಡಿ ತೇಲಿ ಬರುತ್ತಿದ್ದವು. ನೀರಿನ ಸದ್ದಿನ ಕೆಳಗೆ ಇನ್ನೊಂದು ಸದ್ದು, ಟಕ್ ಟಕ್ ಅಂತ, ತಳದಲ್ಲಿ ಕಲ್ಲಿಗೆ ಕಲ್ಲು ಬಡಿಯೋದು. ಅದರ ಅರ್ಥ ಆಗ ನನಗೆ ಗೊತ್ತಿರಲಿಲ್ಲ. ಕಲ್ಲನ್ನೇ ಉರುಳಿಸುವ ನೀರು ಮನುಷ್ಯನ ಕಾಲನ್ನ ಬಿಡುತ್ತಾ?

ಕರೆದುಕೊಂಡು ಬಂದವರು ಏನಾಗಲ್ಲ, ಕೈ ಹಿಡಿದುಕೊಂಡು ದಾಟಿ ಅಂದರು. ಇಬ್ಬರು ದಾಟಿದರು. ಮೂರನೆಯವಳು ನನ್ನ ಪಕ್ಕದಲ್ಲೇ ಬಸ್ಸಲ್ಲಿ ಕೂತು ಬಂದ ಹುಡುಗಿ, ನಡುವಲ್ಲಿ ಕಾಲು ಜಾರಿತು. ಹತ್ತು ಹದಿನೈದು ಅಡಿ ಕೆಳಗೆ ನೀರಿಗೆ ಬಾಗಿದ್ದ ಒಂದು ಕೊಂಬೆ ಸಿಕ್ಕಿದ್ದಕ್ಕೆ ಬದುಕಿದಳು. ಮಂಡಿ ಹರಿದು ರಕ್ತ. ಬ್ಯಾಗ್ ಹೋಯಿತು, ಫೋನ್, ಮನೆ ಕೀಲಿ ಎಲ್ಲ ಅದರಲ್ಲೇ. ಬ್ಯಾಗಿನ ಸೊಂಟದ ಪಟ್ಟಿ ಹಾಕಿರಲಿಲ್ಲ, ಅದಕ್ಕೇ ಬ್ಯಾಗ್ ಕಳಚಿಕೊಂಡಿತು. ಹಾಕಿದ್ದರೆ ಅದು ಅವಳನ್ನೂ ಎಳೆದುಕೊಂಡು ಹೋಗುತ್ತಿತ್ತು.

ಉಳಿದವರು ಈ ಕಡೆಯೇ ನಿಂತೆವು. ಮಳೆ ನಿಂತು ಎರಡು ಗಂಟೆಗೆ ನೀರು ತಾನಾಗೇ ಇಳಿಯಿತು. ಇದನ್ನ ನಿಮ್ಮ ಆರೂ ಜನಕ್ಕೆ ಓದಿ ಹೇಳಿ. ಘಟ್ಟದ ಸಣ್ಣ ಹಳ್ಳಗಳು ಬೇಗ ಏರುತ್ತವೆ, ಮಳೆ ನಿಂತರೆ ಬೇಗ ಇಳಿಯುತ್ತವೆ. ಬಂಡೆ ನೀರು ಕುಡಿಯಲ್ಲ, ಬಿದ್ದದ್ದೆಲ್ಲ ಒಟ್ಟಿಗೇ ಕೆಳಗೆ ಬರುತ್ತೆ. ಹಾಗಾಗಿ ಕಾಯೋದೇ ಉಪಾಯ. ಮಂಡಿಗಿಂತ ಮೇಲೆ ಇದ್ದು ಜೋರಾಗಿ ಹರಿಯುತ್ತಿದ್ದರೆ ದಾಟಬೇಡಿ. ಕೆಳಗಡೆ ಜಲಪಾತ ಇದ್ದರೆ ಎಷ್ಟೇ ಕಡಿಮೆ ನೀರಿದ್ದರೂ ಅಲ್ಲಿ ದಾಟಬೇಡಿ. ಸೋಮವಾರ ಆಫೀಸಿಗೆ ರಜೆ ಹಾಕಿದರೆ ಆಯಿತು. ಲೋಣಾವಳ ದಾರಿಯಲ್ಲೂ ಇಂಥ ಹಳ್ಳಗಳು ಸಿಗುತ್ತವೆ.

ಇನ್ನೊಂದು ವಿಷಯ. ಶುಕ್ರವಾರ ರಾತ್ರಿ ಹವಾಮಾನ ಇಲಾಖೆಯ ಎಚ್ಚರಿಕೆ ನೋಡಿ. ಆರೆಂಜ್ ಬಂದಿದ್ದರೆ 24 ಗಂಟೆಯಲ್ಲಿ 115.6ರಿಂದ 204.4 ಮಿಲಿಮೀಟರ್ ಮಳೆ ಅಂತ ಲೆಕ್ಕ. ರೆಡ್ ಅಂದರೆ ಅದಕ್ಕೂ ಮೇಲೆ. ಪುಣೆಯಲ್ಲಿ ಇಡೀ ವರ್ಷ ಬೀಳೋದೇ ಏಳುನೂರು ಚಿಲ್ಲರೆ ಮಿಲಿಮೀಟರ್, ಹಾಗಾದರೆ ಒಂದೇ ದಿನದಲ್ಲಿ 200 ಅಂದರೆ ಯೋಚನೆ ಮಾಡಿ. ಆರೆಂಜ್ ಅಂದರೂ ಸರಿ, ಮುಂದಿನ ವಾರಕ್ಕೆ ಹಾಕಿ. ಜಿಲ್ಲಾಧಿಕಾರಿ ಆದೇಶವನ್ನೂ ನೋಡಿ, ಮಳೆ ಜೋರಾದಾಗ ಕೆಲವು ಜಾಗಕ್ಕೆ ಹೋಗೋದನ್ನೇ ನಿಲ್ಲಿಸಿರುತ್ತಾರೆ.

ಟೆಂಟ್ ಬಗ್ಗೆ ನನ್ನದೂ ಬೇಡ ಅಂತಲೇ. 2014ರ ಜುಲೈ 30ರಂದು ಇದೇ ಪುಣೆ ಜಿಲ್ಲೆಯ ಮಾಳಿಣ್ ಊರಿನ ಮೇಲೆ ಗುಡ್ಡ ಕುಸಿಯಿತು. 2023ರ ಜುಲೈ 19ರ ರಾತ್ರಿ ಇರ್ಶಾಳಗಡದ ಬುಡದ ಇರ್ಶಾಳವಾಡಿ. ಜನ ಮನೆಯಲ್ಲಿ ಮಲಗಿದ್ದರು. ಎಲ್ಲಿ ಮಲಗೋದು ಅನ್ನೋದನ್ನ ಆ ಊರಲ್ಲೇ ಬಾಳಿದವರಿಗೆ ಕೇಳಿ, ಅವರು ತೋರಿಸಿದ ಕಡೆ ಮಲಗಿ. ಗುಡ್ಡದ ಇಳಿಜಾರಿನ ಕೆಳಗೆ, ಹಳ್ಳದ ಪಕ್ಕ ಹುಲ್ಲು ಚೆನ್ನಾಗಿದೆ ಅಂತ ಟೆಂಟ್ ಹಾಕಬೇಡಿ.

ವಾಕಡ್ ಹುಡುಗ

ಮೂವರಿಗೂ ತುಂಬಾ ಥ್ಯಾಂಕ್ಸ್. ಕಲ್ಲು ಬಡಿಯುವ ಸದ್ದಿನ ಭಾಗವನ್ನ ನಮ್ಮ ಗ್ರೂಪಲ್ಲಿ ಹಾಕಿದೆ. ಕೊಂಡಾಣೆ ಅಂತ ಹಟ ಹಿಡಿದಿದ್ದವನು ತಾನೇ ಲೋಣಾವಳ ಸಾಕು ಅಂದ.

ಈಗ ಹೀಗೆ ಅಂದುಕೊಂಡಿದ್ದೇವೆ. ಟೆಂಟ್ ವಾಪಸ್. ಮೊದಲ ಲೋಕಲ್. ಉಧೇವಾಡಿಯಲ್ಲಿ ಒಂದು ಮನೆಗೆ ಫೋನ್ ಮಾಡಿದೆ, ನನ್ನ ಮರಾಠಿ ಅಷ್ಟಕ್ಕಷ್ಟೆ, ಆದರೂ ಆ ತಾಯಿ ನಿಧಾನವಾಗಿ ಮಾತಾಡಿದರು. ಹಳ್ಳ ತುಂಬಿದ್ದರೆ ಬರಬೇಡಿ, ನಾನು ಬೆಳಿಗ್ಗೆ ಹೇಳುತ್ತೇನೆ ಅಂದರು. ಅಮ್ಮನಿಗೆ ಇದನ್ನೇ ಹೇಳಿದೆ. ಅಲ್ಲೊಬ್ಬರು ಹೆಂಗಸು ಇದ್ದಾರಾ, ಹಾಗಾದರೆ ಸರಿ ಅಂದರು. ಶೇಂಗಾ ಹೋಳಿಗೆ ಮಾಡಿ ಬಸ್ಸಲ್ಲಿ ಕಳಿಸುತ್ತಾರಂತೆ.

ಒಂದೇ ಪ್ರಶ್ನೆ ಉಳಿದಿದೆ. ಅಲ್ಲಿ ಫೋನ್ ಸಿಗುತ್ತಾ? ಯಾರಿಗಾದರೂ ಏನಾದರೂ ಆದರೆ ಯಾರನ್ನ ಕೇಳೋದು?

ಚಿಂಚವಡ್ ಕನ್ನಡತಿ

ದಾರಿಯಲ್ಲಿ ಸಿಗ್ನಲ್ ಬರುತ್ತೆ ಹೋಗುತ್ತೆ, ನಂಬಿಕೊಂಡು ಹೋಗಬೇಡಿ. ಹೊರಡುವ ಮೊದಲು ಪುಣೆಯಲ್ಲಿರುವ ಒಬ್ಬರಿಗೆ ದಾರಿ, ಮನೆಯವರ ನಂಬರ್, ಭಾನುವಾರ ಎಷ್ಟು ಗಂಟೆಗೆ ಫೋನ್ ಮಾಡುತ್ತೀರಿ ಅನ್ನೋದನ್ನೆಲ್ಲ ಬರೆದು ಕೊಡಿ. ಆರು ಫೋನಲ್ಲಿ ಎರಡನ್ನ ಆಫ್ ಮಾಡಿ ಪ್ಲಾಸ್ಟಿಕ್ ಕವರಲ್ಲಿಡಿ. ತುರ್ತಿಗೆ 112. ಲೋಣಾವಳದಲ್ಲಿ ಶಿವದುರ್ಗ ಮಿತ್ರ ಅಂತ ತಂಡ ಇದೆ, ಬೆಟ್ಟದಲ್ಲಿ ಸಿಕ್ಕಿಕೊಂಡವರನ್ನ ಹುಡುಕಿ ತರುವವರು, ದುಡ್ಡಿಗಾಗಿ ಮಾಡುವವರಲ್ಲ. ಅವರ ನಂಬರ್ ಹುಡುಕಿ ಒಂದು ಚೀಟಿಯಲ್ಲಿ ಬರೆದು ಎಲ್ಲರ ಜೇಬಲ್ಲಿಡಿ. ಆದರೆ ಎಲ್ಲಕ್ಕಿಂತ ಮೊದಲು ಸಹಾಯಕ್ಕೆ ಬರೋರು ಹಳ್ಳಿಯವರೇ.

ಹೋಳಿಗೆಯಲ್ಲಿ ನಾಲ್ಕು ಆ ಮನೆಯವರಿಗೂ ಎತ್ತಿಡಿ. ಕಲಬುರಗಿಯವರಿಗೆ ಎರಡು ಜೊತೆ ಸಾಕ್ಸ್ ಜಾಸ್ತಿ ಇಟ್ಟುಕೊಳ್ಳೋಕೆ ಹೇಳಿ. ಮಂಜು ಎದ್ದಿತಾ ಇಲ್ಲವಾ ಅಂತ ಬಂದ ಮೇಲೆ ಇಲ್ಲೇ ಬರೆಯಿರಿ.